ಕ್ರಿಯಾಪದ ಕೊನೆಗೆ

ಮಂಡಿ ಮೊಹಲ್ಲಾದ ನೂರಾನಿ ಪ್ರೆಸ್ಸಿನಲ್ಲಿ
ಆ ಆಷಾಢ ಕೆಲಸವಿರಲಿಲ್ಲ.
ಲಗ್ನಪತ್ರಿಕೆ ಅಚ್ಚು ಹಾಕುವವರಿಗೆ ಅದೇ ರೋಜಾ ತಿಂಗಳು
ಎನ್ನುತ್ತಿದ್ದರು ಜಬೀವುಲ್ಲಾ ಸಾಹೇಬರು.
ಸುಮ್ಮನೆ ಒಂದು ಗಣಪತಿ ತೆಗೆದು ನೋಡೋಣವೆಂದರೆ
ಹಳೇ ಲೇಸರ್ ಪ್ರಿಂಟರಿಗೆ ಜ್ವರ.
ಗಣಪತಿಯ ಬದಲು ಕನವರಿಕೆ,
ತಂತಿ ಕಿತ್ತು ನಿಲ್ಲಿಸುವಷ್ಟರಲ್ಲಿ ಎಂಬತ್ತು ಹಾಳೆ:

ನೂರು ಇನ್ನೂರು ಮೂವ್‌ಟು
ಮುನ್ನೂರು ಇನ್ನೂರು ಲೈನ್‌ಟು
ಸ್ಟ್ರೋಕ್

‘ರದ್ದಿಗೆ ಹಾಕಮ್ಮ’ ಅಂದರು.
ಬೆನ್ನು ಖಾಲಿ ಇತ್ತಲ್ಲ,
ಹಾಲಿನ ಲೆಕ್ಕಕ್ಕಾದೀತೆಂದು ಮನೆಗೆ ಒಯ್ದೆ.

ಪಿಯುಸಿಯಲ್ಲಿ ಎರಡು ಸಲ ಇಂಗ್ಲಿಷಿಗೆ ಬಿದ್ದವಳು ನಾನು.
ಅಲ್ಲಿ ಕ್ರಿಯಾಪದ ಮುಂದೆ ನುಗ್ಗುತ್ತದೆ,
ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ
ಸೀಟಿಗೆ ಕರ್ಚೀಫು ಎಸೆಯುವವರ ಹಾಗೆ.
ಈ ಹಾಳೆಯಲ್ಲಿ ಹಾಗಿರಲಿಲ್ಲ.
ಇಷ್ಟು, ಇಷ್ಟು ಅಂತ ಮೊದಲು ಇಟ್ಟು
ಆಮೇಲೆ: ಹೋಗು.
ಇಲ್ಲಿಂದ ಅಲ್ಲಿಗೆ ಅಂತ ಗೊತ್ತು ಮಾಡಿ
ಆಮೇಲೆ: ಎಳೆ.
ನಮ್ಮವ್ವನೂ ಹೀಗೇ ತಾನೆ ಹೇಳುತ್ತಿದ್ದುದು,
ಒಲೆ ಪಕ್ಕ, ಮಣೆ ಕೆಳಗೆ, ಚಿಲ್ಲರೆ ಐತೆ, ಎತ್ಕೊ.
ಯಾವ ದೇಶದ ಯಂತ್ರವೋ,
ಮಾತು ಮುಗಿಯುವ ತನಕ ಕಾಯುವುದನ್ನು ಕಲಿತಿತ್ತು.

ಮಾರನೆಯ ದಿನ ನಾನೇ ಬರೆದೆ, ಒಂದೇ ಒಂದು ಗೆರೆ.
ಪ್ರಿಂಟರು ತಡವರಿಸಿ, ಕೆಮ್ಮಿ, ಎಳೆಯಿತು.
ಕಾಗದ ಸೊಟ್ಟ ಸಿಕ್ಕಿ ಗೆರೆ ಸ್ವಲ್ಪ ಓರೆ.
ಈಗಲೂ ಇದೆ, ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಜೊತೆ.

ಆಮೇಲಿನವು ಅಷ್ಟು ಸಲೀಸಾಗಿ ಬಾಯಿ ಬಿಡಲಿಲ್ಲ.
ಟೌನ್‌ಹಾಲ್ ಹತ್ತಿರ ಹಳೇ ಪುಸ್ತಕದ ರಾಶಿಯಲ್ಲಿ
ನಲವತ್ತು ರೂಪಾಯಿಗೆ ‘ಸಿ’ ಸಿಕ್ಕಿತು;
ಹದಿನೇಳು ಪುಟ ಇರಲಿಲ್ಲ,
ಪಾಯಿಂಟರು ಇದ್ದದ್ದು ಆ ಹದಿನೇಳರಲ್ಲಿ.
ನಕ್ಷತ್ರದ ಗುರುತು ನೋಡಿ ನೋಡಿ ತಲೆ ಕೆಟ್ಟಿತು.
ಅರ್ಥವಾದದ್ದು ಪೋಸ್ಟಿನ ಚನ್ನಂಕೇಗೌಡರು
ಒಂದು ಆಮಂತ್ರಣ ವಾಪಸು ತಂದ ಮಧ್ಯಾಹ್ನ:
‘ವಿಳಾಸ ಸರಿಯಾಗೈತೆ ಕಣಮ್ಮ, ಮನೇನೂ ಐತೆ,
ಇರೋರೇ ಬೇರೆ.’

ಪೈಥಾನಿಗೆ ಅಂಚು ಮುಖ್ಯವಂತೆ.
ಅಚ್ಚಿನ ಮನೆಯವಳಿಗೆ ಅದನ್ನು ಹೇಳಿಕೊಡಬೇಕೆ?
ಜಾವಾ ಒಗ್ಗಲಿಲ್ಲ. ಒಂದು ನಮಸ್ಕಾರ ಹೇಳಲು
ತಾಲ್ಲೂಕು ಕಚೇರಿಯಷ್ಟು ಕಾಗದ. ಬಿಟ್ಟೆ.

ಶ್ರಾವಣಕ್ಕೆ ಜನ ಬಂದರು, ಪೆನ್‌ಡ್ರೈವ್ ಹಿಡಿದು.
ಹಳೇ ಫಾಂಟು ಹೊಸ ಯಂತ್ರದಲ್ಲಿ ಒಡೆದು
ಒತ್ತುಗಳೆಲ್ಲ ಜಾರಿ ಪಕ್ಕದ ಅಕ್ಷರದ ಕಾಲಡಿ.
ಅವನ್ನು ಅವರವರ ಮನೆಗೆ ತಲುಪಿಸಲು
ನಾಲ್ಕು ರಾತ್ರಿ ಕೂತು ಒಂದು ಪ್ರೋಗ್ರಾಂ ಬರೆದೆ.
ಅರ್ಕಾವತ್ತನ್ನು ಮರೆತೆ.
ನಾಲಿಗೆಯಲ್ಲಿ ಮೊದಲು ಬರುವ ಆ ರಕಾರ
ಕಾಗದದಲ್ಲಿ ಹಿಂದೆ ಹೋಗಿ ನಿಲ್ಲುತ್ತದೆ,
ಗುಂಪು ಫೋಟೋದಲ್ಲಿ ನಾಚುವ ಹಿರಿಯಕ್ಕನಂತೆ.
ಹೂಟಗಳ್ಳಿಯ ಮದುವೆ, ನಾನೂರು ಪತ್ರಿಕೆ,
ನಾನೂರರಲ್ಲೂ ಚಿನ್ನದ ಅಕ್ಷರದಲ್ಲಿ
‘ಶುಭ ಮುಹೂತ್ರ’.

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.
ಮುಹೂತ್ರ ಮುಹೂತ್ರವಾಗಿಯೇ ಇತ್ತು.
‘ಕಾಗದದ ದುಡ್ಡು ನಂದು.
ಗಿರಾಕಿ ಹತ್ರ ಮಾತು ನಂದು.
ಪ್ರೋಗ್ರಾಮು ನಿಂದು. ಸಂಜೆ ಒಳಗೆ,
ಸರಿ ಮಾಡು.’
ಬೈಗುಳ ಬರುತ್ತದೆಂದು ವಾಕ್ಯದ ತುದಿವರೆಗೂ
ಉಸಿರು ಹಿಡಿದು ನಿಂತಿದ್ದೆ.

ಮೊನ್ನೆ ಎದುರುಮನೆಯ ಇಂಜಿನಿಯರಿಂಗ್ ಹುಡುಗ
‘ಎಷ್ಟು ಲಾಂಗ್ವೇಜ್ ಬರುತ್ತೆ ಆಂಟಿ?’ ಅಂತ ಕೇಳಿದ.
ಬರುತ್ತೆ ಅನ್ನೋದು ದೊಡ್ಡ ಮಾತು ಕಣಪ್ಪ,
ಬಂದು ಹೋಗಿ ಮಾಡ್ತವೆ ಅಂದೆ.

ನಾನೂರು ಮುಹೂತ್ರದಲ್ಲಿ ಇನ್ನೂ ಅರವತ್ತು ಉಳಿದಿವೆ.
ಬೆನ್ನು ಖಾಲಿ.
ಸೋಮವಾರ ಅರ್ಧ ಲೀಟರು,
ನೆಂಟರು ಬಂದ ಮಂಗಳವಾರ ಒಂದೂವರೆ,
ಬುಧವಾರ ಅರ್ಧ,
ಕೂಡು.